ನಾಲ್ಕನೆಯ ಅಧ್ಯಾಯದ ರೊಟ್ಟಿ

ನಮ್ಮ ಮನೆಯಲ್ಲಿ ಸುಳ್ಳು ಹೇಳಿದರೆ ಅಷ್ಟೇನೂ ಬೈಗುಳ ಬೀಳುತ್ತಿರಲಿಲ್ಲ. ಆಧಾರವಿಲ್ಲದೆ ನಿಜ ಹೇಳಿದರೆ ಮಾತ್ರ ಊಟದ ನಡುವೆಯೇ ವಿಚಾರಣೆ ಶುರುವಾಗುತ್ತಿತ್ತು. ಅಮ್ಮ ಇತಿಹಾಸದ ಮೇಷ್ಟ್ರು. ಮೈಸೂರಿನವಳು, ಮಾತು ಮೆತ್ತಗೆ, ಹಿಡಿದ ಪಟ್ಟು ಮಾತ್ರ ಉಡದ್ದು. ಮ್ಯಾನ್‌ಹಟನ್ನಿಗೆ ರೈಲಿನಲ್ಲಿ ಹೋಗಿಬರಬಹುದಾದ ಮೆಟುಚೆನ್ ಊರಿನಲ್ಲಿ, ಹಳಿಗೆ ಹತ್ತಿರದ ಒಂದು ಹಳೆಯ ಮನೆಯ ಕೆಳಗಿನ ಭಾಗ ಮತ್ತು ಬೇಸ್‌ಮೆಂಟು ನಮ್ಮವು. ಊಟದ ಮೇಜಿನ ಅರ್ಧ ತಟ್ಟೆಗಳಿಗೆ, ಇನ್ನರ್ಧ ಅಮ್ಮನ ಕಾರ್ಡುಗಳಿಗೆ. ಒಂದೊಂದು ಕಾರ್ಡಿನ ಮೇಲೆ ಒಂದೊಂದು ಸಂಗತಿ, ಅದರ ಕೆಳಗೆ ಅದನ್ನು ಹೇಳಿದವರು ಯಾರು, ಆಗ ಅವರು ಎಲ್ಲಿದ್ದರು ಎಂಬ ವಿವರ. ಸಾರಿನ ಹನಿ ಬಿದ್ದ ಕಾರ್ಡುಗಳೂ ಇದ್ದವು. ಆ ಮೇಜಿನ ಮುಂದೆ ಕೂತು ಒಂದು ಸಂಜೆ ನಾನು, ನಮ್ಮ ಟೀಚರ್ ಇವತ್ತು ಬೇಜಾರಿನಲ್ಲಿದ್ದರು ಎಂದುಬಿಟ್ಟೆ.

“ಬೇಜಾರು ಅಂತ ಅವ್ರೇ ಹೇಳಿದ್ರಾ?” ಅಮ್ಮ ಕೇಳಿದಳು.

“ನೋ. ಶೀ ಜಸ್ಟ್ ಲುಕ್ಡ್ ಸ್ಯಾಡ್.”

“ಹಾಗಾದ್ರೆ ಮುಖ ಬಾಡಿತ್ತು ಅನ್ನು. ನೀನು ಕಂಡಿದ್ದು ಅಷ್ಟೇ. ಬೇಜಾರು ನೀನು ಸೇರಿಸಿದ್ದು.”

“ಕೂಸು ಉಣ್ಣಲಿ ಬಿಡವಾ,” ಎಂದು ಅಜ್ಜಿ ನನ್ನ ಪರ ನಿಂತಳು. “ಅದರ ಸಾಲಿ ಬಾಯಾರು ಅಳಲಿ, ನಗಲಿ, ನಿನ್ನ ಪುಸ್ತಕದ್ದೇನು ಹೋತು?”

ಅಜ್ಜಿ ಅಪ್ಪನ ತಾಯಿ. ಉತ್ತರ ಕರ್ನಾಟಕದ ಒಂದು ಹತ್ತಿ ಗಿರಣಿಯ ಊರಿನವಳು. ಅಜ್ಜ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದ. ಅಮ್ಮ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಪುಸ್ತಕವೂ ಅದೇ ಗಿರಣಿಯ, ಅದೇ ಊರಿನ ಇತಿಹಾಸ. ಮದುವೆಯಾಗಿ ಮೊದಲ ಸಲ ಆ ಊರಿಗೆ ಹೋದಾಗ ಕಂಡ ಹೊಗೆಯಿಲ್ಲದ ಚಿಮಣಿ ಅವಳ ತಲೆಯೊಳಗೆ ಕೂತುಬಿಟ್ಟಿತ್ತಂತೆ. ಹತ್ತಿರದ ಕಾಲೇಜೊಂದರಲ್ಲಿ ಅವಳಿಗೆ ವರ್ಷ ವರ್ಷ ಮುಂದುವರಿಸುವ ಕೆಲಸ ಇತ್ತು. ಪುಸ್ತಕ ಹೊರಬಂದರೆ ಅದು ಕಾಯಂ ಆಗುತ್ತದೆಂಬ ಆಸೆಯೂ ಇತ್ತು. ಆದರೂ ಅವಸರವೆಂಬುದು ಅವಳಿಗೆ ಗೊತ್ತಿರಲಿಲ್ಲ. ‘ಅಂದು ಮಳೆ ಬರುತ್ತಿತ್ತು’ ಎಂಬ ಒಂದು ವಾಕ್ಯಕ್ಕಾಗಿ ವಾರವಿಡೀ ಪ್ರಿನ್ಸ್‌ಟನ್ನಿನ ಲೈಬ್ರರಿಗೆ ಡ್ರೈವ್ ಮಾಡಿದಳು. ಮಳೆ ಸಿಗಲಿಲ್ಲ, ವಾಕ್ಯವನ್ನು ಹೊಡೆದುಹಾಕಿದಳು. ತಾನು ಬರೆದದ್ದರಲ್ಲಿ ಯಾವುದಾದರೂ ವಾಕ್ಯ ತುಂಬಾ ಚೆನ್ನಾಗಿದೆ ಎನ್ನಿಸಿದರೆ ಅದಕ್ಕೂ ಅದೇ ಗತಿ. ಇದರಲ್ಲಿ ಊರು ಕಾಣುತ್ತಿಲ್ಲ, ನಾನು ಕಾಣುತ್ತಿದ್ದೇನೆ ಎನ್ನುತ್ತಿದ್ದಳು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಬೇರೆಯವರ ಮನೆಯಲ್ಲಿ ಗಾದೆ. ನಮ್ಮಲ್ಲಿ ಅದು ಪಾತ್ರೆ ತೊಳೆಯುವ ಹಾಗೆ ದಿನದ ಕೆಲಸ. ನನಗೆ ಕನ್ನಡ ಅಕ್ಷರ ಬಂದದ್ದೂ ಆ ಕಾರ್ಡುಗಳಿಂದಲೇ. ಊರಿನವರ ಮಾತನ್ನು ಅಮ್ಮ ಕನ್ನಡದಲ್ಲೇ ಇಳಿಸಿಕೊಳ್ಳುತ್ತಿದ್ದಳು, ಅವುಗಳನ್ನು ಜೋಡಿಸಿಡುವ ಕೆಲಸ ನನ್ನದಾಗಿತ್ತು.

ಅಪ್ಪ ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿಗೆ ಕಮ್ಯೂಟ್ ಮಾಡುತ್ತಿದ್ದ. ಅಮ್ಮನ ಪುಸ್ತಕಕ್ಕೆ ಅವನ ಕಾಣಿಕೆಯೆಂದರೆ ಅವನ ಗಂಟಲು. ಒಂದು ಅಧ್ಯಾಯ ಮುಗಿದಾಗಲೆಲ್ಲ ಭಾನುವಾರ ಊಟವಾದ ಮೇಲೆ ಅವನು ಅದನ್ನು ಗಟ್ಟಿಯಾಗಿ ಓದಬೇಕು, ಅಮ್ಮ ಕಣ್ಣು ಮುಚ್ಚಿ ಕೇಳಬೇಕು. ಬರೆದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಇನ್ನೊಬ್ಬರ ಬಾಯಲ್ಲಿ ಕೇಳಿದಾಗಲೇ ಎಡವುವ ಜಾಗ ಗೊತ್ತಾಗುವುದು ಎಂಬುದು ಅವಳ ನಂಬಿಕೆ. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಬೆಳ್ಳುಳ್ಳಿ ಬಿಡಿಸುತ್ತ ಅಲ್ಲೇ ಕೂತು, ಪುರಾಣ ಕೇಳುವವಳ ಹಾಗೆ ಮಗನ ದನಿ ಕೇಳುತ್ತಿದ್ದಳು. ಆ ಊರಿನ ಕತೆಯಲ್ಲಿ ನಮ್ಮ ಮನೆಗೂ ಒಂದು ಪಾಲಿತ್ತು. ಅಪ್ಪ ಚಿಕ್ಕವನಿದ್ದಾಗ ಗಿರಣಿಯಲ್ಲಿ ದೊಡ್ಡ ಮುಷ್ಕರ ನಡೆದಿತ್ತು. ಮಾಲೀಕರು ಹೊರಗಿನಿಂದ ಆಳು ತಂದು, ಒಳಗೇ ಇರಿಸಿಕೊಂಡು ಯಂತ್ರ ನಡೆಸಿದರು. ಮುಷ್ಕರಕ್ಕೆ ಕೂತವರು ಒಬ್ಬೊಬ್ಬರಾಗಿ ಸೋತು ಒಳಗೆ ಹೋದರು. ಅಜ್ಜ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಮನೆಗೆ ಬಂದವರಿಗೆಲ್ಲ ಅಪ್ಪ ಇದನ್ನು ಹೇಳುತ್ತಿದ್ದ, ಕೇಳದಿದ್ದವರಿಗೂ ಹೇಳುತ್ತಿದ್ದ.

“ಓಣಿಗೆ ಓಣಿನೇ ಉಪವಾಸ ಇತ್ತು. ನಮ್ಮಪ್ಪ ಬಾಗಲಿಲ್ಲ. ನಮ್ಮವ್ವನ ತವರಮನಿಯಿಂದ ಜ್ವಾಳ ಬರ್ತಿತ್ತು, ಅದರ ಮ್ಯಾಲೆ ಬದುಕಿದ್ವಿ. ಆದ್ರ ಗಿರಣಿ ಬಾಗಲಾ ತುಳೀಲಿಲ್ಲ ನೋಡ್ರಿ ಅವರು.”

ಆಗ ಅಜ್ಜಿ ತಲೆ ಎತ್ತುತ್ತಿರಲಿಲ್ಲ. ಗಂಡನ ಹೊಗಳಿಕೆಗೆ ನಾಚಿಕೊಂಡಿದ್ದಾಳೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು, ಅದೂ ಆಧಾರವಿಲ್ಲದೆ.

ಆಮೇಲೆ ಬ್ಯಾಂಕುಗಳು ಬೀಳತೊಡಗಿದವು. ಅಪ್ಪನ ಬ್ಯಾಂಕು ಬೀಳಲಿಲ್ಲ, ಅಪ್ಪನ ಇಲಾಖೆ ಬಿತ್ತು. ಬೆಳಗಿನ ಟ್ರೈನಿಗೆ ಓಡುತ್ತಿದ್ದವನು ಮನೆಯಲ್ಲಿ ಕೂತ. ಹೀಟಿಂಗ್ ಕಡಿಮೆ ಮಾಡಿದೆವು, ಮನೆಯೊಳಗೇ ಜಾಕೆಟ್ ಹಾಕಿಕೊಂಡು ಓಡಾಡಿದೆವು. ಅಪ್ಪ ಎಲ್ಲರ ಬಟ್ಟೆಗೂ ಇಸ್ತ್ರಿ ಮಾಡಲು ಶುರುಮಾಡಿದ. ನನ್ನ ಪೈಜಾಮಕ್ಕೂ ಗೆರೆ ಬಂತು. ಪಕ್ಕದ ಎಡಿಸನ್ನಿನಲ್ಲಿ ಹೋಟೆಲ್ ನಡೆಸುತ್ತಿದ್ದ ಕುಂದಾಪುರದ ಕಡೆಯ ಶೆಟ್ಟಿ ಅಂಕಲ್ ವಿಷಯ ತಿಳಿದು ಮನೆಗೆ ಬಂದರು. ಅವರು ಅಪ್ಪನ ಹಳೆಯ ಸ್ನೇಹಿತರು, ಸುತ್ತಿ ಬಳಸಿ ಮಾತಾಡುವವರಲ್ಲ.

“ನೀವು ಮನೆಯಲ್ಲಿ ಕೂತು ಎಂತ ಮಾಡುದು ಮಾರಾಯ್ರೆ? ಕೌಂಟರಿಗೆ ನಂಬಿಕೆಯ ಜನ ಬೇಕು ನಂಗೆ. ಬೇರೆ ಕೆಲಸ ಸಿಕ್ಕುವವರೆಗೆ ಬನ್ನಿ.”

ಅಪ್ಪ ನಗುತ್ತಲೇ ಬೇಡವೆಂದ. ಅಂಕಲ್ ಹೋದ ಮೇಲೆ ನಗು ಹೋಯಿತು.

“ನಮ್ಮಪ್ಪ ಹಸಗೊಂಡಾಗೂ ಬಾಗಲಿಲ್ಲ. ನಾ ಈಗ ಇಡ್ಲಿ ಮಾರಲ್ಯಾ?”

“ಹೊಟ್ಟಿಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗಿ ಹೂ,” ಎಂದು ಗೊಣಗಿದ ಅಜ್ಜಿ ಬಟ್ಟೆಯ ಬುಟ್ಟಿ ಎತ್ತಿಕೊಂಡು ಬೇಸ್‌ಮೆಂಟಿಗೆ ಇಳಿದಳು. ಅವಳ ಮುಖ ಸರಿಯಿರಲಿಲ್ಲ. ಅಮ್ಮ ಹಿಂದೆಯೇ ಹೋದಳು, ಅಮ್ಮನ ಹಿಂದೆ ನಾನು.

ಬೇಸ್‌ಮೆಂಟಿನಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಇತ್ತು. ಚಳಿಗಾಲದಲ್ಲಿ ಅಜ್ಜಿ ಓಡುವ ಡ್ರೈಯರಿಗೆ ಬೆನ್ನು ಕೊಟ್ಟು, ಚಾಪೆಯ ಮೇಲೆ ಕಾಲು ಚಾಚಿ ಬಟ್ಟೆ ಮಡಚುತ್ತಿದ್ದಳು. ಆ ಬಿಸಿಗೆ ಬೆನ್ನೂ ಸಡಿಲ, ನಾಲಿಗೆಯೂ ಸಡಿಲ. ಅಮ್ಮ ತನ್ನ ರೆಕಾರ್ಡರನ್ನು ಅಲ್ಲೇ ಇಡುತ್ತಿದ್ದಳು. ಆ ಧ್ವನಿಮುದ್ರಣಗಳಲ್ಲಿ ಇವತ್ತಿಗೂ ಅಜ್ಜಿಯ ಮಾತಿನ ಹಿಂದೆ ನನ್ನ ಜೀನ್ಸಿನ ಗುಂಡಿ ಟಣ್ ಟಣ್ ಎನ್ನುತ್ತದೆ. ಮುಷ್ಕರದ ಬಗ್ಗೆ ಹೇಳಿ ಎಂದು ಅಮ್ಮ ಯಾರನ್ನೂ ಕೇಳುತ್ತಿರಲಿಲ್ಲ. ದೊಡ್ಡ ವಿಷಯ ಕೇಳಿದರೆ ಜನ ಭಾಷಣ ಮಾಡುತ್ತಾರೆ, ಅಡುಗೆ ಕೇಳಿದರೆ ನೆನಪು ಮಾಡಿಕೊಳ್ಳುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಹಿಟ್ಟು ಎಲ್ಲಿ ಬೀಸಿಸುತ್ತಿದ್ದಿರಿ, ಯಾರು ಮೊದಲು ಉಣ್ಣುತ್ತಿದ್ದರು, ತವರಿನ ಜೋಳ ತರುತ್ತಿದ್ದವರು ಯಾರು, ಹೀಗೆ. ಈ ಕೊನೆಯ ಪ್ರಶ್ನೆಯನ್ನು ಅಜ್ಜಿ ಎಷ್ಟೋ ಸಲ ತಪ್ಪಿಸಿಕೊಂಡಿದ್ದಳು. ಅಂದು ನಾನು ಕಾಲುಚೀಲಗಳನ್ನು ಜೊತೆ ಮಾಡುತ್ತ ಕೂತಿದ್ದೆ. ಅಮ್ಮ ಇನ್ನೂ ಏನೂ ಕೇಳಿರಲಿಲ್ಲ.

“ತವರಮನ್ಯಾಗ ಏನಿತ್ತವಾ? ನಮ್ಮಣ್ಣನ ಮಕ್ಕಳೇ ಹಸಗೊಂಡು ಮಲಗ್ತಿದ್ದವು. ಜ್ವಾಳ ಬಂದಿದ್ದು ಗಿರಣಿಯಿಂದ. ಒಳಗ ತಂದಿಟ್ಟಿದ್ರಲ್ಲಾ ಹೊರಗಿನ ಆಳು, ಅವರಿಗೆ ರೊಟ್ಟಿ ಬೇಕಿತ್ತು. ಹಿಂದಿನ ಬಾಗಲಿಗೆ ಹಿಟ್ಟು ಕೊಟ್ಟು ಹೋಗ್ತಿದ್ರು. ಬಡಿದು ಕೊಟ್ರ ಒಂದು ಪಾಲು ನಮಗ. ನಿಮ್ಮ ಮಾವ ಮೀಟಿಂಗಿಗೆ ಹೋದಾಗ ಬಡೀತಿದ್ದೆ.”

ಅಮ್ಮ ರೆಕಾರ್ಡರನ್ನು ಹತ್ತಿರ ಸರಿಸಿದಳು. ಸಾಕ್ಷಿ ಮಾತಾಡುವಾಗ ಸಮಾಧಾನವನ್ನೂ ಹೇಳಬಾರದು ಎಂಬುದು ಅವಳ ನಿಯಮ.

“ರೊಟ್ಟಿ ಬಡಿಯೂ ಸಪ್ಪಳಾ ಓಣಿಗೆಲ್ಲಾ ಕೇಳ್ತದ. ಅದಕ್ಕ ಕೌದಿ ಮಡಚಿ, ಅದರ ಮ್ಯಾಲೆ ಡಬ್ಬಿ ಮುಚ್ಚಳ ಬೋರಲು ಹಾಕಿ ಬಡಿಯೂದು. ಮುಚ್ಚಳದ ನಡುವ ಬಳಿಯಂಥ ಒಂದು ದುಂಡನ ಗೆರಿ ಎದ್ದಿತ್ತು, ರೊಟ್ಟಿ ಮ್ಯಾಲೆ ಉಂಗುರದಂಗ ಮೂಡ್ತಿತ್ತು. ನಾ ಬಡಿದ ರೊಟ್ಟಿ ತಿಂದು ಅವರು ಗಿರಣಿ ನಡಿಸಿದ್ರು. ಅದೇ ರೊಟ್ಟಿ ತಿಂದು ನಿಮ್ಮ ಮಾವ ಬಾಗಲಿಲ್ಲ.”

ಸಾಕ್ಷಿ ಹೇಳಿದ್ದನ್ನು ಬರೆದು, ಅವರಿಗೇ ಓದಿ ಹೇಳಿ, ಒಪ್ಪಿಗೆ ಪಡೆಯದೆ ಅಮ್ಮ ಒಂದು ಸಾಲನ್ನೂ ಪುಸ್ತಕಕ್ಕೆ ಸೇರಿಸುತ್ತಿರಲಿಲ್ಲ. ಮರುದಿನ ಅದೇ ಚಾಪೆಯ ಮೇಲೆ ಕೂತು ಅಜ್ಜಿಗೆ ಎಲ್ಲವನ್ನೂ ಓದಿ ಹೇಳಿದಳು. ತನ್ನ ಮಾತು ಬೇರೆಯವರ ಬಾಯಲ್ಲಿ ಬಂದಾಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಷ್ಟು ಚಿಕ್ಕವಳಾಗಿ ಕಂಡದ್ದು ನನಗೆ ಅದೇ ಮೊದಲು.

“ಬರಿ. ಖರೇನ ಐತಿ, ಬರಿ. ಹೆಸರು ಬ್ಯಾಡ. ಮತ್ತ ನನ್ನ ಮಗಗ ಗೊತ್ತಾಗಬಾರ್ದು, ನಾ ಇರೂತನಕ. ಅವ ಆ ತವರಿನ ಜ್ವಾಳದ ಮ್ಯಾಲೇ ನಿಂತಾನ.”

“ಗೊತ್ತಾಗಲ್ಲ ಅತ್ತೆ. ನನ್ನ ಮಾತು,” ಎಂದಳು ಅಮ್ಮ.

ನಾಲ್ಕನೆಯ ಅಧ್ಯಾಯ ಮುಷ್ಕರದ್ದು. ಅಲ್ಲಿಯವರೆಗೆ ಅಮ್ಮನಿಗೆ ಸಿಕ್ಕವರೆಲ್ಲ ವೇದಿಕೆ ಹತ್ತಿದ ಗಂಡಸರು. ಅವರ ಮಾತಿನಲ್ಲಿ ಘೋಷಣೆ ಇತ್ತು, ಹೊಟ್ಟೆ ಇರಲಿಲ್ಲ. ಅಜ್ಜಿಯ ಮಾತು ಬಂದ ಮೇಲೆ ಅಧ್ಯಾಯಕ್ಕೆ ಜೀವ ಬಂತು. ಅಮ್ಮ ಹೆಸರು ಬದಲಿಸಿದಳು, ಹಾಗೆ ಬದಲಿಸಿದ್ದೇನೆಂದು ಕೆಳಗೆ ಟಿಪ್ಪಣಿಯನ್ನೂ ಹಾಕಿದಳು. ಓಣಿ ಯಾವುದು, ಗಂಡ ಗಿರಣಿಯ ಯಾವ 	ವಿಭಾಗದವನು, ಮಕ್ಕಳೆಷ್ಟು ಎಂಬುದನ್ನೆಲ್ಲ ಬಿಟ್ಟಳು. ಆದರೆ ಕೌದಿ, ಮುಚ್ಚಳ, ಉಂಗುರ ಉಳಿದವು. ಅವು ಹೋದರೆ ಇದು ಯಾರು ಬೇಕಾದರೂ ಕಟ್ಟಬಹುದಾದ ಕತೆಯಾಗುತ್ತದೆ ಎಂಬುದು ಅವಳ ವಾದ. ಕತೆ ಬರೆಯುವವಳಾಗಿದ್ದರೆ ಉಂಗುರದ ಜಾಗದಲ್ಲಿ ಇನ್ನೇನನ್ನೋ ಇಟ್ಟುಬಿಡುತ್ತಿದ್ದಳು. ಇತಿಹಾಸ ಬರೆಯುವವಳು ಇದ್ದದ್ದನ್ನು ಮುಚ್ಚಬಲ್ಲಳು, ಇಲ್ಲದ್ದನ್ನು ತಂದಿಡಲಾರಳು. ಭಾನುವಾರದ ಓದನ್ನು ಅವಳು ಮುಂದೂಡುತ್ತ ಬಂದಳು. ಕೊನೆಗೆ ಅಪ್ಪನೇ ಕೈ ಚಾಚಿದ.

“ನನಗ ಉಳಿದ ನೌಕರಿ ಇದೊಂದೇ. ಇದನ್ನೂ ಕಸಕೋತೀಯೇನು?”

ಅಮ್ಮ ಹಾಳೆಗಳನ್ನು ಕೊಟ್ಟಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತ, ಗಂಟಲು ಸರಿಮಾಡಿಕೊಂಡ. ಅಜ್ಜಿ ಮೊರ ಎಳೆದುಕೊಂಡು ಬೆಳ್ಳುಳ್ಳಿಗೆ ಕೂತಳು. ಓದುತ್ತಿರುವುದು ತನ್ನ ಮಾತು ಎಂದು ಅವಳಿಗೆ ತಿಳಿಯುವಂತಿರಲಿಲ್ಲ. ಅಪ್ಪನ ದನಿ ಚೆನ್ನಾಗಿ ಏರುತ್ತಿತ್ತು. ಹಿಂದಿನ ಬಾಗಿಲಿಗೆ ಹಿಟ್ಟು ಬಂತು, ಗಂಡ ಮೀಟಿಂಗಿಗೆ ಹೋದ, ಕೌದಿ ಮಡಚಿದ್ದಾಯಿತು. ಓದುತ್ತ ಒಂದು ಕಡೆ, ಈ ಹೆಂಗಸು ಬಹಳ ಗಟ್ಟಿ ಎಂದು ಅಮ್ಮನಿಗೆ ಮೆಚ್ಚುಗೆಯನ್ನೂ ಹೇಳಿದ. ಉಂಗುರದ ಸಾಲಿಗೆ ಬಂದು ನಿಂತ. ಅದನ್ನೇ ಮತ್ತೊಮ್ಮೆ ಓದಿದ, ಈ ಸಲ ದನಿಯಿಲ್ಲದೆ. ಅಮ್ಮ ಕಣ್ಣು ತೆರೆದಳು.

“ಯಾಕ ನಿಂತ್ಯೋ? ಗಂಟಲಾ ಒಣಗೇತೇನು?” ಅಜ್ಜಿ ಕೇಳಿದಳು.

ಅಪ್ಪ ಅವಳ ಕಡೆ ನೋಡಲಿಲ್ಲ. ಅಮ್ಮನನ್ನು ನೋಡಿ ಇಂಗ್ಲಿಷಿನಲ್ಲೇ ಅಂದ: “ಐ ಹ್ಯಾವ್ ಈಟನ್ ದಿಸ್ ರೊಟ್ಟಿ.”

ಅದರಲ್ಲಿ ಅಜ್ಜಿಗೆ ತಿಳಿದದ್ದು ಒಂದೇ ಮಾತು.

“ರೊಟ್ಟಿ ಬೇಕೇನೋ ನಿನಗ? ಬಾಯಿ ಬಿಟ್ಟು ಹೇಳಬಾರ್ದಾ? ತಡಿ, ಎರಡು ಬಡೀತೀನಿ,” ಎಂದು ಮೊಣಕಾಲು ಹಿಡಿದುಕೊಂಡು ಎದ್ದಳು.

ಅವಳು ರೊಟ್ಟಿ ಬಡಿದಳು. ಬೇಡವೆನ್ನಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಅಡುಗೆಮನೆಯಿಂದ ಸಪ್ಪಳ ಬರುತ್ತಿರುವಾಗ ಅಪ್ಪ ಉಳಿದ ಪುಟಗಳನ್ನು ಕೊನೆಯ ಸಾಲಿನವರೆಗೆ ಓದಿದ. ಆಗಷ್ಟೇ ಊಟ ಮಾಡಿದ್ದರೂ ಅವಳು ತಂದಿಟ್ಟ ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದ. ಅವನು ಅಳುತ್ತಿರಲಿಲ್ಲ, ನನಗೇ ಅಳು ತಡೆಯಲಾಗದೆ ಬಾತ್‌ರೂಮಿಗೆ ಓಡಿದೆ.

ಅಜ್ಜಿ ಬಂದ ಮೇಲೆ ನಮ್ಮ ಮನೆಯ ಜಗಳಗಳೆಲ್ಲ ಕಾರಿನಲ್ಲಿ ನಡೆಯುತ್ತಿದ್ದವು. ಅಂದು ಸಂಜೆ ದಿನಸಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ, ಚಳಿಗೆ ಎಂಜಿನ್ ಓಡಿಸಿಕೊಂಡೇ, ಅಪ್ಪ ಅಮ್ಮ ಇಬ್ಬರೂ ಮುಂದಿನ ಗಾಜನ್ನು ನೋಡುತ್ತ ಮಾತಾಡಿದರು. ನಾನು ಹಿಂದಿನ ಸೀಟಿನಲ್ಲಿದ್ದೆ.

“ಆ ಉಂಗುರಕ್ಕ ನಾವು ಅಣ್ಣತಮ್ಮಂದಿರು ಹೊಡದಾಡ್ತಿದ್ವಿ,” ಅಪ್ಪ ಹೇಳಿದ. “ಮುರೀದಂಗ ಯಾರ ತುತ್ತಿಗೆ ಬರ್ತದೋ ಅವ ರಾಜಾ. ಅದು ಯಾಕ ಮೂಡ್ತದ ಅಂತ ಒಂದಿನ ಕೇಳಲಿಲ್ಲ. ಈಗ ನಿನ್ನ ಪುಸ್ತಕದಾಗ ಓದಬೇಕಾತು.”

“ನಿಮಗೆ ನೆನಪಿರತ್ತೆ ಅಂತ ನನಗೆ ಹೊಳೀಲೇ ಇಲ್ಲ. ತಪ್ಪು ನಂದು. ಅವರಿಗೆ ಮಾತು ಕೊಟ್ಟಿದ್ದೆ.”

“ನಿನಗ ಆಕಿ ಆಧಾರ. ನನಗ ಅವ್ವ.”

“ನನಗೆ ಎರಡೂ ಕಣ್ರೀ. ಅದೇ ಕಷ್ಟ.”

ವೈಪರ್ ಸುಮ್ಮನೆ ಒಂದು ಸಲ ಹೊರಳಿತು. ಅಪ್ಪ ಅದನ್ನು ಆರಿಸಿದ.

“ಆ ಅಧ್ಯಾಯ ತಗಿ. ನನಗೋಸ್ಕರ ಅಲ್ಲ. ಅಚ್ಚಾದ್ರ ಯಾರರ ಓದ್ತಾರ, ಮನಿಗೆ ಬಂದು ಮಾತಾಡ್ತಾರ, ನನಗ ಗೊತ್ತೈತಿ ಅಂತ ಆಕಿಗೆ ತಿಳೀತದ. ಆಕಿ ಇರೂತನಕ ನಾ ಏನೂ ತಿಳೀದವನಾಗೇ ಇರ್ತೀನಿ.”

ಅತ್ತ ದರಿ, ಇತ್ತ ಪುಲಿ ಎಂದರೆ ಏನೆಂದು ನನಗೆ ತಿಳಿದದ್ದು ಅಮ್ಮನ ಮುಖ ನೋಡಿ. ಅಧ್ಯಾಯ ಉಳಿದರೆ ಪುಸ್ತಕ ಉಳಿಯುತ್ತಿತ್ತು, ಪುಸ್ತಕದಿಂದ ಅವಳ ಕೆಲಸ, ಕೆಲಸದಿಂದ ನಾವು. ಅವಳು ಅಧ್ಯಾಯ ತೆಗೆದಳು. ವೇದಿಕೆಯ ಗಂಡಸರ ಮಾತುಗಳಿಂದಲೇ ಇನ್ನೊಂದನ್ನು ಬರೆದು ಸೇರಿಸಿದಳು. ಅದರಲ್ಲಿ ಸುಳ್ಳು ಇರಲಿಲ್ಲ, ನಿಜವೂ ಇರಲಿಲ್ಲ. ಪ್ರಕಾಶಕರಿಗಾಗಿ ಹಸ್ತಪ್ರತಿ ಓದಿದ ಪಂಡಿತರೊಬ್ಬರು, ಈ ಮುಷ್ಕರದಲ್ಲಿ ಹೆಂಗಸರೇ ಕಾಣುವುದಿಲ್ಲ, ಲೇಖಕಿ ಮನೆಗಳ ಒಳಗೆ ಇಣುಕಬೇಕಿತ್ತು ಎಂದು ಬರೆದಿದ್ದರು. ಅಮ್ಮ ಅದನ್ನು ಓದಿ ಜೋರಾಗಿ ನಕ್ಕಳು, ಆಮೇಲೆ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಪುಸ್ತಕ ಬಂದದ್ದು ಬಹಳ ತಡವಾಗಿ. ಅಷ್ಟರಲ್ಲಿ ಕಾಲೇಜಿನಲ್ಲಿ ಕಾಯಂ ಮಾಡುವ ಮಾತೇ ನಿಂತಿತ್ತು, ಅವಳನ್ನು ಮುಂದುವರಿಸಲಿಲ್ಲ. ಅವಳು ಮತ್ತೆ ಪುಸ್ತಕ ಬರೆಯಲಿಲ್ಲ. ನನ್ನ ತಾಯಿಯ ಬದುಕಿನಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ ಅದು. ಅವಳು ಅದರ ಬಗ್ಗೆ ಒಮ್ಮೆಯೂ ಗೊಣಗಲಿಲ್ಲ ಎಂಬುದು ಇನ್ನೂ ಹೆಚ್ಚಿನ ನೋವು.

ಅಪ್ಪ ಮಾತ್ರ ಆ ವಾರವೇ ಶೆಟ್ಟಿ ಅಂಕಲ್ ಹೋಟೆಲಿನ ಕೌಂಟರಿಗೆ ಹೋದ. ಯಾರಿಗೂ ಕಾರಣ ಹೇಳಲಿಲ್ಲ. ಅಜ್ಜಿಗೆ ಇದು ಅರ್ಥವಾಗಲಿಲ್ಲ.

“ನಿಮ್ಮಪ್ಪ ಇದ್ದಿದ್ರ ಏನಂತಿದ್ರೋ?”

“ಉಣ್ಣು ಅಂತಿದ್ರು. ಅಷ್ಟ.”

ಅಜ್ಜನ ಮುಷ್ಕರದ ಕತೆಯನ್ನು ಅಪ್ಪ ಬಿಡಲಿಲ್ಲ. ಬಿಟ್ಟಿದ್ದರೆ ಅಜ್ಜಿಗೆ ಅನುಮಾನ ಬರುತ್ತಿತ್ತು. ಮೊದಲು ಹೆಮ್ಮೆಗಾಗಿ ಹೇಳುತ್ತಿದ್ದವನು ಈಗ ಅವಳಿಗಾಗಿ, ಅವಳು ಕೂತಿರುವಾಗಲೇ, ಮೊದಲಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ. ಅಮ್ಮ ತಟ್ಟೆ ನೋಡುತ್ತ ಕೂತಿರುತ್ತಿದ್ದಳು. ಆಧಾರವಿಲ್ಲದ ಮಾತುಗಳಲ್ಲಿ ಆ ಮೇಜಿನ ಮೇಲೆ ಅವಳು ಸುಮ್ಮನೆ ಹಾದುಹೋಗಲು ಬಿಟ್ಟದ್ದು ಅದೊಂದನ್ನೇ. ನಾನೂ ಬಾಯಿ ಬಿಡಲಿಲ್ಲ. ಪ್ರೀತಿಸುವವರ ನಡುವೆ ಎಷ್ಟು ಮಾತು ಬಾಕಿ ಉಳಿಯಬಹುದು ಎಂಬುದನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಈಗ ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಇದನ್ನು ಬರೆಯಲೇ ಎಂದು ಅಮ್ಮನನ್ನು ಕೇಳಿದೆ. ಬರೆದದ್ದನ್ನು ಓದಿಸಿ ಕೇಳಿ, ಒಂದೆರಡು ಕಡೆ ‘ಇದು ನೀನು ಸೇರಿಸಿದ್ದು’ ಎಂದು ಹೊಡೆಸಿ, ಆಮೇಲೆ ಒಪ್ಪಿದಳು. ಹೆಸರು ಮಾತ್ರ ಬೇಡ ಎಂದಳು.

ಪುಸ್ತಕ ಅಚ್ಚಾದ ಮೇಲೆ ಬಂದ ಚಳಿಗಾಲ ಮುಗಿಯುವ ಹೊತ್ತಿಗೆ ಅಜ್ಜಿಯ ಹೃದಯ ಸೋತಿತ್ತು. ಡಾಕ್ಟರು ಮನೆಗೆ ಕಳಿಸಿದ್ದರು. ಬಿಸಿಲು ಬೀಳುವ ಮುಂದಿನ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿದ್ದೆವು. ಒಂದು ಮಧ್ಯಾಹ್ನ ಶೆಟ್ಟಿ ಅಂಕಲ್ ಎಳನೀರು ತೆಗೆದುಕೊಂಡು ನೋಡಲು ಬಂದರು. ಅಪ್ಪ ಅವಳ ಕಾಲ ಬಳಿ ಕೂತು ಪಾದ ಒತ್ತುತ್ತಿದ್ದ. ಅವನು ಮತ್ತೆ ಮುಷ್ಕರದ ಕತೆ ತೆಗೆದ: ಓಣಿಯ ಉಪವಾಸ, ಬಾಗದ ಅಪ್ಪ, ತವರಿನ ಜೋಳ. ಅಜ್ಜಿ ಕಣ್ಣು ಬಿಟ್ಟು ಅವನನ್ನೇ ನೋಡಿದಳು. ಇಷ್ಟು ವರ್ಷ ಆ ಕತೆಯ ನಡುವೆ ಒಂದು ಮಾತೂ ಆಡದವಳು ಅಂದು ಕೇಳಿದಳು.

“ಆ ಜ್ವಾಳ ಹೆಂಗ ಬರ್ತಿತ್ತೋ ತಮ್ಮಾ? ನೀ ಕಂಡೀಯೇನು?”

ಅಪ್ಪನ ಕೈ ಪಾದದ ಮೇಲೆ ನಿಂತುಹೋಯಿತು. ಅವನಿಗೆ ದೊಡ್ಡ ಕತೆ ಹೇಳಲು ಬರುತ್ತಿತ್ತು, ಸಣ್ಣ ಸುಳ್ಳು ಹೊಳೆಯುತ್ತಿರಲಿಲ್ಲ. ಅಜ್ಜಿಯ ಕಣ್ಣು ಅವನ ಮುಖದ ಮೇಲಿಂದ ಕದಲಲಿಲ್ಲ. ಅವಳಿಗೆ ತಿಳಿದುಹೋಗುತ್ತಿದೆ ಎನ್ನಿಸಿತು ನನಗೆ. ಆಗ ಬಾಗಿಲ ಬಳಿ ನಿಂತಿದ್ದ ಅಮ್ಮ ಬಂದು ಮಂಚದ ಅಂಚಿಗೆ ಕೂತಳು.

“ಗಾಡೀಲಲ್ವಾ ಅತ್ತೆ? ನಿಮ್ಮ ಅಣ್ಣನೇ ಹೊಡ್ಕೊಂಡು ಬರ್ತಿದ್ರಂತಲ್ಲ, ಚೀಲದ ಮೇಲೆ ಹುಲ್ಲು ಮುಚ್ಚಿಕೊಂಡು.”

ಆ ಗಾಡಿ ಯಾವ ಕಾರ್ಡಿನಲ್ಲೂ ಇರಲಿಲ್ಲ. ಅಜ್ಜಿ ಸೊಸೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖ ಸಡಿಲವಾಯಿತು, ಕೈ ಹುಡುಕಿಕೊಂಡು ಬಂದು ಅಮ್ಮನ ಕೈ ಹಿಡಿಯಿತು.

“ಹೌದವಾ, ಗಾಡ್ಯಾಗ. ಬಿಳೇ ಎತ್ತು. ಒಂದು ರಾಮ್ಯಾ, ಒಂದು ಲಕ್ಷ್ಮ್ಯಾ.”

“ಹೌದವ್ವಾ,” ಎಂದ ಅಪ್ಪ ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. “ನನಗ ನೆನಪೈತಿ.”